ಜುಲೈ ತಿಂಗಳ 62: ಧಾರವಾಡದಲ್ಲಿ ಒಂದು ಪೊರೆ ಕೆಟ್ಟ ಕಥೆ

ಏಪ್ರಿಲ್‌ನಲ್ಲಿ 96 ಬಂದಿತ್ತು. ಜುಲೈನಲ್ಲಿ 62 ಬಂತು.

ಆಲ್ಕೋಹಾಲಿನಲ್ಲಿ ಸೇರಿದ ನೀರನ್ನು ಬೇರ್ಪಡಿಸಲು ನಾವು ಪಿವಿಎ ಅನ್ನುವ ಪಾಲಿಮರಿನಿಂದ (ಉದ್ದ ಸರಪಳಿಯಂಥ ಅಣುಗಳ ವಸ್ತು) ತೆಳು ಪೊರೆ ಮಾಡುತ್ತೇವೆ. ಪಿವಿಎ ಪುಡಿ ಅದೇ ಡಬ್ಬಿಯದು. ಪೊರೆ ಮಾಡಿದ ಹುಡುಗಿಯೂ ಅವಳೇ. ಪೊರೆ ಕೂರಿಸಿ ಪರೀಕ್ಷಿಸುವ ಸೆಲ್ಲು, ಪಂಪು, ತಾಪಮಾನ ಎಲ್ಲ ಮೊದಲಿನದೇ. ಆದರೂ ಪೊರೆಯ ಆಚೆ ಬಂದ ದ್ರವದಲ್ಲಿ ನೀರಿನ ಪಾಲು ಶೇ. 96ರಿಂದ 62ಕ್ಕೆ ಬಿದ್ದಿತ್ತು. ನಾವು ಮೂರು ವಾರ ಈ ಒಂದು ಸಂಖ್ಯೆಯ ಹಿಂದೆ ಓಡಾಡಿದೆವು. ಪೊರೆ ಮಾಡುವ ವಿಧಾನ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಕೆಟ್ಟಾಗ ಎಲ್ಲಿ ನೋಡಬೇಕು ಅನ್ನೋದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಕೆಲಸ ಶುರುವಾದದ್ದು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದವರ ಪ್ರಶ್ನೆಯಿಂದ. ಅವರು ಬಿಡಿಭಾಗ ತೊಳೆಯಲು ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸುತ್ತಾರೆ. ಐಪಿಎ ಅಂತಲೇ ಕರೆಯೋಣ. ಬಳಸಿದ ಐಪಿಎಯಲ್ಲಿ ನೀರು ಸೇರುತ್ತದೆ. ಭಟ್ಟಿ ಇಳಿಸಿ ಮತ್ತೆ ಬಳಸೋಣ ಅಂದರೆ ಶೇ. 88ರ ಹತ್ತಿರ ಬಂದು ನಿಂತುಬಿಡುತ್ತದೆ. ಎಷ್ಟು ಸಲ ಭಟ್ಟಿ ಇಳಿಸಿದರೂ ಅಷ್ಟೇ. ಶುದ್ಧ ಐಪಿಎ ಕುದಿಯುವುದು ಸುಮಾರು 82.5 ಡಿಗ್ರಿಗೆ, ನೀರು 100ಕ್ಕೆ. ಆದರೆ 88ಕ್ಕೆ 12ರ ಈ ಮಿಶ್ರಣ 80 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಏಳುವ ಹಬೆಯಲ್ಲಿ ಇರುವುದೂ ಅದೇ 88ಕ್ಕೆ 12. ಅಂದಮೇಲೆ ಬೇರ್ಪಡುವುದು ಹೇಗೆ? ಇದಕ್ಕೆ ಅಜಿಯೋಟ್ರೋಪ್ ಅನ್ನುತ್ತಾರೆ. ಹಿಂದೆ ಇದನ್ನು ಮುರಿಯಲು ಬೆಂಜೀನ್ ಸೇರಿಸುತ್ತಿದ್ದರು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಸಣ್ಣ ಶೆಡ್ಡಿನಲ್ಲಿ ದುಡಿಯುವ ನಾಲ್ಕು ಜನರ ಪಕ್ಕ ಅದನ್ನು ಇಡುವ ಮಾತನ್ನೂ ನಾನು ಆಡಲಾರೆ.

ಪೊರೆಗೆ ಈ ಕಷ್ಟವಿಲ್ಲ. ಯಾವುದು ಮೊದಲು ಕುದಿಯುತ್ತದೆ ಅನ್ನೋದು ಅದಕ್ಕೆ ಬೇಕಾಗಿಲ್ಲ. ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲ್, ನೀರನ್ನು ಬಹಳ ಇಷ್ಟಪಡುವ ಪಾಲಿಮರ್. ಅದರ ತೆಳು ಹಾಳೆಯ ಒಂದು ಬದಿಗೆ ಐಪಿಎ-ನೀರಿನ ಮಿಶ್ರಣ ಇಟ್ಟು ಇನ್ನೊಂದು ಬದಿಗೆ ನಿರ್ವಾತ ಕೊಟ್ಟರೆ, ನೀರಿನ ಕಣಗಳು ಹಾಳೆಯಲ್ಲಿ ಕರಗಿ, ನುಸುಳಿ, ಆಚೆ ಬದಿಯಲ್ಲಿ ಆವಿಯಾಗಿ ಹೊರಬೀಳುತ್ತವೆ. ಐಪಿಎ ಹೆಚ್ಚೂಕಡಿಮೆ ಈಚೆಯೇ ಉಳಿಯುತ್ತದೆ. ಹಾಳೆಯಲ್ಲಿ ಕಣ್ಣಿಗೆ ಕಾಣುವ ತೂತು ಒಂದೂ ಇರುವುದಿಲ್ಲ, ಇರಲೂಬಾರದು. ಈ ಕ್ರಿಯೆಗೆ ಪರ್ವೇಪೊರೇಶನ್ ಅನ್ನುವ ಹೆಸರು ಕೊಟ್ಟವರು ಫಿಲಿಪ್ ಕೋಬರ್, 1917ರಲ್ಲಿ. ಬಾಯಿ ಬಿಗಿಯಾಗಿ ಕಟ್ಟಿ ತೂಗುಹಾಕಿದ್ದ ಕೊಲೋಡಿಯನ್ (ನೈಟ್ರೋಸೆಲ್ಯುಲೋಸಿನ ತೆಳು ಪೊರೆ) ಚೀಲದೊಳಗಿನ ದ್ರವ ಆವಿಯಾಗುತ್ತಿದೆ ಅಂತ ಅವರ ಸಹಾಯಕ ಗಮನಿಸಿದ್ದೇ ಅದಕ್ಕೆ ಮೂಲ. ಕೈಗಾರಿಕೆಗೆ ಇದು ದೊಡ್ಡ ಮಟ್ಟದಲ್ಲಿ ಬಂದದ್ದು 1980ರ ದಶಕದಲ್ಲಿ, ಅದೂ ಪಿವಿಎ ಪೊರೆಯಿಂದಲೇ.

ಧಾರವಾಡಕ್ಕೂ ಈ ಕೆಲಸ ಹೊಸದಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿ ಮತ್ತು ಅವರ ವಿದ್ಯಾರ್ಥಿಗಳು ಪಿವಿಎ, ಸೋಡಿಯಂ ಆಲ್ಜಿನೇಟ್, ಕೈಟೋಸಾನ್ ಪೊರೆಗಳ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ನಮ್ಮಂಥ ಸಣ್ಣ ಪ್ರಯೋಗಾಲಯಗಳು ಆ ದಾರಿಯಲ್ಲೇ ನಡೆಯುತ್ತಿರುವುದು.

ಇನ್ನು ಪೊರೆ ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. 4 ಗ್ರಾಂ ಪಿವಿಎಯನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಬೇಕು. ನಾವು ತಗೊಂಡಿದ್ದು ಶೇ. 98-99 ಹೈಡ್ರೊಲೈಜ್ ಆದ, ಅಂದರೆ ಹೆಚ್ಚೂಕಡಿಮೆ ಪೂರ್ತಿ ಆಲ್ಕೋಹಾಲ್ ರೂಪಕ್ಕೆ ಬಂದ ಪುಡಿ. ಅದು ತಣ್ಣೀರಿನಲ್ಲಿ ಕರಗುವುದೇ ಇಲ್ಲ. ಮೊದಲು ತಣ್ಣೀರಿಗೆ ಉದುರಿಸಿ, ಕಲಕುತ್ತಾ, ನಿಧಾನವಾಗಿ 90 ಡಿಗ್ರಿಗೆ ಏರಿಸಬೇಕು. ನೇರ ಬಿಸಿನೀರಿಗೆ ಸುರಿದರೆ ರಾಗಿಹಿಟ್ಟು ಗಂಟುಕಟ್ಟಿದ ಹಾಗೆ ಆಗುತ್ತದೆ. ಹೊರಗೆ ಅಂಟು, ಒಳಗೆ ಒಣ ಪುಡಿ. ಆ ಗಂಟು ಆಮೇಲೆ ಕರಗುವುದಿಲ್ಲ. ಕರಗಿದ ಮೇಲೆ ಸೋಸಿ, ಗುಳ್ಳೆ ಹೋಗುವವರೆಗೆ ರಾತ್ರಿಯಿಡೀ ಸುಮ್ನೆ ಬಿಡಬೇಕು. ಬೆಳಿಗ್ಗೆ 25 ಸೆಂ.ಮೀ. ಚೌಕದ, ಸುತ್ತ ಅಂಚು ಕಟ್ಟಿದ ಗಾಜಿನ ಮೇಲೆ ಸುರಿಯಬೇಕು. ಗಾಜು ಮಟ್ಟಸವಾಗಿರುವುದು ಬಹಳ ಮುಖ್ಯ. ನಾವು ಗಾರೆ ಕೆಲಸದವರ ಮಟ್ಟಗೋಲನ್ನೇ ಇಟ್ಟು ನೋಡುತ್ತೇವೆ. ಒಣಗಿದ ಮೇಲೆ ಸುಮಾರು 50 ಮೈಕ್ರಾನ್ ದಪ್ಪದ ಹಾಳೆ ಸಿಗುತ್ತದೆ, ತಲೆಗೂದಲಿಗಿಂತ ತುಸು ತೆಳು.

ಈ ಹಾಳೆ ಹಾಗೆಯೇ ಇದ್ದರೆ ನೀರಿನಲ್ಲಿ ಊದಿ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಕ್ರಾಸ್‌ಲಿಂಕ್ ಮಾಡುವುದು. ಅಸಿಟೋನ್ ಜಾಸ್ತಿ, ನೀರು ಕಮ್ಮಿ ಇರುವ ಸ್ನಾನದಲ್ಲಿ ಸ್ವಲ್ಪ ಗ್ಲುಟರಾಲ್ಡಿಹೈಡ್, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಹಾಳೆಯನ್ನು ಮುಳುಗಿಸಿಡಬೇಕು. ಗ್ಲುಟರಾಲ್ಡಿಹೈಡಿನ ಎರಡು ತುದಿಗಳು ಎರಡು ಪಿವಿಎ ಸರಪಳಿಗಳನ್ನು ಹಿಡಿದು ಕಟ್ಟುತ್ತವೆ. ಹೊತ್ತು ಹೆಚ್ಚಿದಷ್ಟೂ ಕಟ್ಟು ಬಿಗಿ. ಗ್ಲುಟರಾಲ್ಡಿಹೈಡಿನ ಘಾಟು ಕಣ್ಣು ಮೂಗಿಗೆ ಕೆಟ್ಟದ್ದು. ಘಾಟನ್ನು ಹೊರಗೆಳೆಯುವ ಹುಡ್ ಒಳಗೆ, ಕೈಗವಸು ಹಾಕಿಕೊಂಡೇ ಮಾಡಬೇಕು. ಏಪ್ರಿಲ್ ಹಾಳೆಯನ್ನು 12 ಗಂಟೆ ಇಟ್ಟಿದ್ದೆವು.

ಪರೀಕ್ಷೆಯ ಸೆಲ್ ಉಕ್ಕಿನದು. ಎರಡು ಭಾಗ. ಕೆಳಗಿನ ಭಾಗದ ನಡುವೆ ರಂಧ್ರಗಳಿರುವ ಉಕ್ಕಿನ ಬಿಲ್ಲೆ. ಅದರ ಸುತ್ತ ಉಕ್ಕಿನಲ್ಲಿ ಕೊರೆದ ಒಂದು ತೋಡು, ತೋಡಿನಲ್ಲಿ ರಬ್ಬರ್ ರಿಂಗು. ಅದರ ಮೇಲೆ ಪೊರೆ. ಅದರ ಮೇಲೆ ಇನ್ನೊಂದು ಭಾಗ ಕೂರಿಸಿ ಬೋಲ್ಟ್ ಬಿಗಿಯುತ್ತೇವೆ. ಹೊರಗಿನ ಗಾಳಿ ಬರದ ಹಾಗೆ ಅಂಚಿನಲ್ಲಿ ಇನ್ನೊಂದು ಗ್ಯಾಸ್ಕೆಟ್. ಕೆಲಸಕ್ಕೆ ಬರುವ ಪೊರೆಯ ವ್ಯಾಸ 6.6 ಸೆಂ.ಮೀ., ಅಂದರೆ ಸುಮಾರು 34 ಚದರ ಸೆಂ.ಮೀ. ಮೇಲೆ ಶೇ. 10 ನೀರಿರುವ ಐಪಿಎ, 30 ಡಿಗ್ರಿಯಲ್ಲಿ. ಕೆಳಗೆ ನಿರ್ವಾತ ಪಂಪು. ನಡುವೆ ದ್ರವ ಸಾರಜನಕದಲ್ಲಿ ಮುಳುಗಿಸಿದ ಗಾಜಿನ ಟ್ರ್ಯಾಪ್. ಬಂದ ಆವಿಯೆಲ್ಲ ಅಲ್ಲಿ ಮೈನಸ್ 196 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ನಾಲ್ಕು ಗಂಟೆಯ ನಂತರ ತೂಗಬೇಕು. ಕರಗಿಸಿ ರಿಫ್ರ್ಯಾಕ್ಟೋಮೀಟರ್‌ನಲ್ಲಿ (ದ್ರವದಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ಉಪಕರಣ) ನೀರೆಷ್ಟು ನೋಡಬೇಕು.

ಏಪ್ರಿಲ್: ನಾಲ್ಕು ಗಂಟೆಗೆ 1.1 ಗ್ರಾಂ, ಅದರಲ್ಲಿ ನೀರು ಶೇ. 96. ಸೆಲೆಕ್ಟಿವಿಟಿ, ಅಂದರೆ ಪೊರೆ ಐಪಿಎಯನ್ನು ತಡೆದು ನೀರನ್ನು ಎಷ್ಟು ಆರಿಸಿ ಬಿಡುತ್ತದೆ ಅನ್ನೋದನ್ನು ಲೆಕ್ಕ ಹಾಕುವುದು ಹೀಗೆ. ಆಚೆ ಬದಿಯ ನೀರು-ಐಪಿಎ ಅನುಪಾತವನ್ನು ಈಚೆ ಬದಿಯ ಅನುಪಾತದಿಂದ ಭಾಗಿಸಬೇಕು. ಆಚೆ 96ಕ್ಕೆ 4, ಅಂದರೆ 24. ಈಚೆ 10ಕ್ಕೆ 90, ಅಂದರೆ ಒಂಬತ್ತರಲ್ಲಿ ಒಂದು. ಉತ್ತರ 216. ಒಳ್ಳೆಯ ಪೊರೆ. ಎಲ್ಲರಿಗೂ ಖುಷಿಯಾಗಿತ್ತು.

ಜುಲೈ: ಹೊಸ ಹಾಳೆ, ಅದೇ 12 ಗಂಟೆ. 1.8 ಗ್ರಾಂ ಬಂತು, ನೀರು ಶೇ. 62. ಸೆಲೆಕ್ಟಿವಿಟಿ 15ಕ್ಕೂ ಕಮ್ಮಿ.

"ಸರ್, ಮಳಿಗಾಲ ಐತ್ರೀ. ಹಾಳಿ ಸರಿ ಒಣಗಿಲ್ಲ ಅನಸ್ತದ" ಅಂದಳು ವಿದ್ಯಾರ್ಥಿನಿ. ನನಗೂ ಹಾಗೇ ಅನಿಸಿತು. ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಆರುವುದಿಲ್ಲ. ಏಪ್ರಿಲ್‌ನಲ್ಲಿ ಎರಡು ದಿನಕ್ಕೆ ಗಾಜಿನಿಂದ ಚಟಚಟ ಬಿಡುತ್ತಿದ್ದ ಹಾಳೆ ಈಗ ಐದು ದಿನವಾದರೂ ಅಂಚಿನಲ್ಲಿ ಅಂಟುತ್ತಿತ್ತು. ತೇವ ಉಳಿದಿದೆ, ಕ್ರಾಸ್‌ಲಿಂಕ್ ಸರಿಯಾಗಿ ಆಗಿಲ್ಲ, ಹಾಳೆ ಸಡಿಲ, ಹಾಗಾಗಿ ಐಪಿಎ ನುಗ್ಗುತ್ತಿದೆ. ಒಂದರ ಹಿಂದೊಂದು ಕೊಂಡಿ ಸರಿಯಾಗಿಯೇ ಕೂತಿತು.

ಮದ್ದೂ ಸುಲಭ ಅನಿಸಿತು. ಬಿಗಿ ಮಾಡಿದರಾಯಿತು. ಮುಂದಿನ ಹಾಳೆಯನ್ನು ಕಡಿಮೆ ಉರಿಯ ಓವನ್‌ನಲ್ಲಿ ಪೂರ್ತಿ ಒಣಗಿಸಿ, 24 ಗಂಟೆ ಸ್ನಾನದಲ್ಲಿಟ್ಟೆವು.

1.33 ಗ್ರಾಂ ಬಂತು. ನೀರು ಶೇ. 50.

ಬಿಗಿ ಮಾಡಿದರೆ ಸುಧಾರಿಸಬೇಕಿದ್ದದ್ದು ಇನ್ನೂ ಕೆಟ್ಟಿತ್ತು. ಆ ದಿನ ಸಂಜೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಅವಳ ಎರಡು ವಾರದ ದುಡಿಮೆ ಅದು. ಬೆಳಿಗ್ಗೆ ಎಂಟಕ್ಕೆ ಬಂದು ಸಾರಜನಕ ತುಂಬಿಸಿ, ನಾಲ್ಕು ಗಂಟೆ ಪಂಪಿನ ಪಕ್ಕ ಕದಲದೆ ಕೂರುವವಳು. ಮೂರನೇ ಹಾಳೆಯನ್ನು 36 ಗಂಟೆ ಇಡೋಣವಾ ಅಂತ ಕೇಳಿದಳು. ಬೇಡ, ನಾಳೆ ಏನೂ ಮಾಡಬೇಡ, ಲೆಕ್ಕದ ವಹಿ ತಗೊಂಡು ಬಾ ಅಂದೆ.

ವಹಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಊದುವಿಕೆಯ ಪರೀಕ್ಷೆ. ಅವಳು ಪ್ರತಿ ಹಾಳೆಯ ಒಂದು ತುಂಡನ್ನು ಅದೇ ಮಿಶ್ರಣದಲ್ಲಿ 24 ಗಂಟೆ ನೆನೆಸಿ ತೂಗುತ್ತಿದ್ದಳು. ಕೈಚಳಕದ ಕೆಲಸ ಇದು. ತುಂಡನ್ನು ಚಿಮಟದಲ್ಲಿ ಎತ್ತಿ, ಎರಡು ಫಿಲ್ಟರ್ ಕಾಗದದ ನಡುವೆ ಒಮ್ಮೆ ಒತ್ತಿ, ತಕ್ಷಣ ತಕ್ಕಡಿಗೆ ಹಾಕಬೇಕು. ತಡಮಾಡಿದರೆ ತಕ್ಕಡಿಯ ಮೇಲೇ ಐಪಿಎ ಹಾರುತ್ತಾ, ಕೊನೆಯ ಅಂಕಿ ಇಳಿಯುತ್ತಲೇ ಇರುತ್ತದೆ. ಏಪ್ರಿಲ್ ಹಾಳೆ ಶೇ. 14 ಊದಿತ್ತು. ಜುಲೈನ ಮೊದಲ ಹಾಳೆಯೂ 14ರ ಆಸುಪಾಸೇ. 24 ಗಂಟೆಯದು 9.

ಸಡಿಲ ಹಾಳೆ ಹೆಚ್ಚು ಊದಬೇಕಿತ್ತು. ಊದಿಲ್ಲ. ಅಂದರೆ ಹಾಳೆಯ ಮೈ ಸರಿಯಾಗಿಯೇ ಇದೆ. ಮಳೆಯ ಮೇಲಿನ ಆರೋಪ ಅಲ್ಲೇ ಬಿತ್ತು. ಈ ಅಂಕಿಗಳು ಎರಡು ವಾರದಿಂದ ವಹಿಯಲ್ಲೇ ಇದ್ದವು. ನಾನೇ ತಿರುವಿ ನೋಡಿರಲಿಲ್ಲ.

ಮುಂದಿನದು ಹಾಲಿಗೆ ಎಷ್ಟು ನೀರು ಬೆರೆಸಿದ್ದಾರೆ ಅಂತ ಕಂಡುಹಿಡಿಯುವ ಲೆಕ್ಕದ ಹಾಗೆ. ಪೊರೆಯೊಳಗಿಂದ ಬಂದದ್ದರಲ್ಲಿ ನೀರು 96, ಐಪಿಎ 4. ಎಲ್ಲಿಂದಲೋ ಸೋರಿ ಬಂದದ್ದಾದರೆ ಅದು ಮೇಲಿನ ಮಿಶ್ರಣವೇ, ಐಪಿಎ 90. ಈ ಎರಡೂ ಟ್ರ್ಯಾಪಿನಲ್ಲಿ ಬೆರೆತಿವೆ ಅಂದುಕೊಳ್ಳೋಣ. ಜುಲೈನ 1.8 ಗ್ರಾಂನಲ್ಲಿ ಐಪಿಎ ಶೇ. 38, ಅಂದರೆ 0.684 ಗ್ರಾಂ. ಸೋರಿದ್ದು ಎಷ್ಟಿದ್ದರೆ ಇಷ್ಟು ಐಪಿಎ ಬರುತ್ತದೆ? ಉತ್ತರ 0.71 ಗ್ರಾಂ. ಉಳಿದ 1.09 ಗ್ರಾಂ ಪೊರೆಯದು. ಏಪ್ರಿಲ್‌ನಲ್ಲಿ ಬಂದದ್ದು ಎಷ್ಟು? 1.1!

ಎರಡನೇ ಹಾಳೆಗೂ ಇದೇ ಲೆಕ್ಕ ಹಾಕಿದೆವು. ಬಿಗಿ ಪೊರೆಯಲ್ಲವೇ, ಐಪಿಎ ಶೇ. 3 ಅಂತ ಹಿಡಿದೆವು. 1.33 ಗ್ರಾಂನಲ್ಲಿ ಸೋರಿದ್ದು 0.72 ಗ್ರಾಂ.

0.71, 0.72. ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು.

ಪೊರೆಯಲ್ಲಿ ಸೂಜಿಮೊನೆಯಂಥ ತೂತು ಬೀಳುವುದು ಸಾಮಾನ್ಯ. ಒಂದು ಗುಳ್ಳೆ, ಒಂದು ಧೂಳಿನ ಕಣ ಸಾಕು. ಆದರೆ ಎರಡು ಬೇರೆ ಬೇರೆ ದಿನ ಎರೆದ ಎರಡು ಹಾಳೆಗಳಲ್ಲಿ ಒಂದೇ ಅಳತೆಯ ತೂತು ಬೀಳುವುದುಂಟೇ? ಸೋರುವುದು ಪೊರೆಯಲ್ಲಿ ಆಗಿದ್ದರೆ ಹಾಳೆ ಬದಲಾದಾಗ ಸೋರುವ ಪ್ರಮಾಣವೂ ಬದಲಾಗಬೇಕು. ಬದಲಾಗಲಿಲ್ಲ ಅಂದರೆ ಸೋರುವ ಜಾಗ ಎರಡು ದಿನವೂ ಇದ್ದ ವಸ್ತುವಿನಲ್ಲಿದೆ. ಎರಡು ದಿನವೂ ಇದ್ದದ್ದು ಸೆಲ್ಲು.

ಬಿಗಿ ಮಾಡಿದಾಗ ಯಾಕೆ ಇನ್ನೂ ಕೆಟ್ಟಿತು ಅನ್ನೋದೂ ಈಗ ತಿಳಿಯಿತು. ಪೊರೆಯ ಮೂಲಕ ಬರುವ ಒಳ್ಳೆಯ ಪಾಲು ಕಮ್ಮಿಯಾಯಿತು, ಸೋರುವ ಪಾಲು ಹಾಗೇ ಇತ್ತು. ಬೆರಕೆಯಲ್ಲಿ ಕೆಟ್ಟದ್ದರ ಭಾಗ ದೊಡ್ಡದಾಯಿತು. 36 ಗಂಟೆ ಇಟ್ಟಿದ್ದರೆ 50 ಇನ್ನೂ ಕೆಳಗೆ ಇಳಿಯುತ್ತಿತ್ತು. ನಾವು ಇನ್ನಷ್ಟು ಬಿಗಿ ಮಾಡಲು ಹೋಗುತ್ತಿದ್ದೆವು.

ಲೆಕ್ಕ ಲೆಕ್ಕವೇ, ಕಣ್ಣಾರೆ ನೋಡಬೇಕಲ್ಲ. ಬೀರುವಿನಲ್ಲಿ ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಹಾಳೆಗಳಿದ್ದವು. ಪಾಲಿಯೆಸ್ಟರ್, ಸುಮಾರು 100 ಮೈಕ್ರಾನ್ ದಪ್ಪ. ಐಪಿಎ ಅದನ್ನು ಏನೂ ಮಾಡುವುದಿಲ್ಲ, ನಾಲ್ಕು ಗಂಟೆಯಲ್ಲಿ ಅದರ ಮೂಲಕ ತೂಗುವಷ್ಟು ಏನೂ ದಾಟುವುದೂ ಇಲ್ಲ. ಅದನ್ನು ಪೊರೆಯ ಅಳತೆಗೆ ಕತ್ತರಿಸಿ ಸೆಲ್ಲಿನಲ್ಲಿಟ್ಟೆವು. ಅಂದರೆ ಕಿಟಕಿಗೆ ಹಲಗೆ ಹೊಡೆದಂತೆ. ನಾಲ್ಕು ಗಂಟೆ ಪಂಪು ಓಡಿಸಿದರೆ ಟ್ರ್ಯಾಪ್ ಖಾಲಿ ಇರಬೇಕು.

ಇಲ್ಲಿ ಮಳೆಗಾಲದ ಒಂದು ನಿಜವಾದ ತೊಂದರೆ ಹೇಳಿಬಿಡುತ್ತೇನೆ. ಟ್ರ್ಯಾಪನ್ನು ಸಾರಜನಕದಿಂದ ಎತ್ತಿದ ಕೂಡಲೇ ಹೊರಮೈಗೆ ಬಿಳಿ ಹಿಮ ಕೂರುತ್ತದೆ. ಆಮೇಲೆ ಅದು ಕರಗಿ ಹನಿಯಾಗುತ್ತದೆ. ಅದನ್ನು ಒರೆಸದೆ ತೂಗಿದರೆ ಗಾಳಿಯ ತೇವವೂ ಲೆಕ್ಕಕ್ಕೆ ಸೇರುತ್ತದೆ. ಬಾಯಿ ಮುಚ್ಚಿ, ಕೋಣೆಯ ತಾಪಕ್ಕೆ ಬರುವವರೆಗೆ ಕಾದು, ಬಟ್ಟೆಯಿಂದ ಒರೆಸಿ ತೂಗಬೇಕು. ಇನ್ನೊಂದು, ಹೊರಗಿನ ಗಾಳಿ ಪೈಪಿನ ಜೋಡಣೆಯಲ್ಲಿ ಒಳನುಗ್ಗಿದರೆ ಅದರ ತೇವ ಟ್ರ್ಯಾಪಿನಲ್ಲಿ ನೀರಾಗಿ ಕೂರುತ್ತದೆ. ಆಗ ಪೊರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ! ಕೆಟ್ಟ ಸಂಖ್ಯೆಯನ್ನು ಎಲ್ಲರೂ ಅನುಮಾನಿಸುತ್ತಾರೆ. ಮಳೆಗಾಲದಲ್ಲಿ ಒಳ್ಳೆಯ ಸಂಖ್ಯೆಯನ್ನೂ ಅನುಮಾನಿಸಬೇಕು. ಜೊತೆಗೆ, ಜಾಸ್ತಿ ಗಾಳಿ ನುಗ್ಗಿದರೆ ಅದರಲ್ಲಿನ ಆಮ್ಲಜನಕ ಮೈನಸ್ 183ಕ್ಕೇ ದ್ರವವಾಗಿ ಟ್ರ್ಯಾಪಿನಲ್ಲಿ ನಿಲ್ಲಬಹುದು. ಐಪಿಎ ಜೊತೆ ದ್ರವ ಆಮ್ಲಜನಕ ಅಂದರೆ ಸ್ಫೋಟದ ಭಯ. ನಮ್ಮ ಒತ್ತಡದ ಮಾಪಕ ಅಲುಗಾಡದೆ ಕೆಳಗೇ ನಿಂತಿತ್ತು. ಗಾಳಿ ಬರುತ್ತಿಲ್ಲ ಅಂತ ಅದರಿಂದ ಗೊತ್ತಾಗಿತ್ತು.

ಅದೇ ಮಾಪಕ ನಮ್ಮನ್ನು ದಾರಿ ತಪ್ಪಿಸಿದ್ದೂ ಹೌದು. ಸೋರುತ್ತಿದ್ದದ್ದು ಗಾಳಿಯಾಗಿದ್ದರೆ ಮುಳ್ಳು ಏರುತ್ತಿತ್ತು. ಸೋರುತ್ತಿದ್ದದ್ದು ದ್ರವ. ಅದರ ಆವಿಯನ್ನು ತಣ್ಣನೆಯ ಟ್ರ್ಯಾಪ್ ಬಂದಬಂದಂತೆ ನುಂಗುತ್ತಿತ್ತು. ಮಾಪಕಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮಿಶ್ರಣ ಹಾಕದೆ, ಟ್ರ್ಯಾಪ್ ತಣಿಸದೆ, ಖಾಲಿ ಸೆಲ್ಲಿನಲ್ಲಿ ವಾಲ್ವ್ ಮುಚ್ಚಿ ನೋಡಿದ್ದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಪಾಲಿಯೆಸ್ಟರ್ ಹಾಳೆ ಇಟ್ಟಾಗಲೂ ಟ್ರ್ಯಾಪಿಗೆ ಬಂದದ್ದು 0.7 ಗ್ರಾಂ. ಐಪಿಎ ಜಾಸ್ತಿ ಇದ್ದಾಗ ರಿಫ್ರ್ಯಾಕ್ಟೋಮೀಟರ್ ನಂಬುವಂತಿಲ್ಲ. ಶೇ. 8 ನೀರಿಗೂ 12ಕ್ಕೂ ಅದರ ಓದು ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಾರ್ಲ್ ಫಿಶರ್, ಅಂದರೆ ನೀರಿನ ಪ್ರಮಾಣವನ್ನೇ ಅಳೆಯುವ ರಾಸಾಯನಿಕ ಪರೀಕ್ಷೆ ಮಾಡಿದೆವು. ನೀರು ಶೇ. 10. ಮೇಲೆ ಹಾಕಿದ್ದೇ ಕೆಳಗೆ ಬಂದಿತ್ತು.

ಸೆಲ್ ಬಿಚ್ಚಿ ರಿಂಗು ತೆಗೆದು ನೋಡಿದಾಗ ಮೊದಲು ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚನ್ನು ಉಕ್ಕಿಗೆ ತಾಗುವಷ್ಟು ಕೆಳಗೆ, ಅಡ್ಡಕ್ಕೆ ಹಿಡಿದಾಗ ತೋಡಿನ ತಳದಲ್ಲಿ ಒಂದು ಗೆರೆ ಮಿಂಚಿತು. ಕೂದಲಿನಷ್ಟು ಸಣ್ಣದು. ತೋಡಿನ ಉದ್ದಕ್ಕೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇದು ಅಡ್ಡಕ್ಕೆ, ಹೊರಗಿನಿಂದ ಒಳಕ್ಕೆ, ರಿಂಗಿನ ಅಡಿಯಿಂದ ದಾಟಿಹೋಗಿತ್ತು. ಉಗುರು ಎಳೆದರೆ ಅಲ್ಲಿ ಚೂರು ತಡೆಯುತ್ತಿತ್ತು. ಪೊರೆಯ ಅಂಚನ್ನು ಸುತ್ತಿ ಬಂದ ಮಿಶ್ರಣ ಈ ಗೀರಿನಲ್ಲಿ ಹರಿದು ಕೆಳಗಿಳಿಯುತ್ತಿತ್ತು.

ಗೀರು ಬಿದ್ದದ್ದು ಹೇಗೆ ಅಂತ ಇಬ್ಬರಿಗೂ ನೆನಪಾಯಿತು. ಮೇ ತಿಂಗಳ ರಜೆಗೆ ಮುಂಚೆ ಸೆಲ್ ತೊಳೆದಿಟ್ಟಿದ್ದೆವು. ಹಳೆಯ ರಿಂಗು ತೋಡಿಗೆ ಅಂಟಿಕೊಂಡಿತ್ತು. ಬ್ಲೇಡ್ ತೂರಿಸಿ ಎಬ್ಬಿಸಿದ್ದು ನಾನೇ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಲೇತ್ ಅಂಗಡಿಗೆ ಒಯ್ದೆವು. ಲೇತಿನವರು ಬೆರಳು ಆಡಿಸಿಯೇ, "ಇಷ್ಟಕ್ಕ ಎಷ್ಟ್ ತಲಿ ಕೆಡಿಸ್ಕೊಂಡೀರಿ" ಅಂದು ತೋಡಿನ ತಳವನ್ನು ಒಂದು ಪದರ ತೆಗೆದು ಕೊಟ್ಟರು. ತೋಡು ತುಸು ಆಳವಾದ್ದರಿಂದ ಸ್ವಲ್ಪ ಹೆಚ್ಚು ದಪ್ಪದ ರಿಂಗು ಹಾಕಿದೆವು. ಈ ಸಲ ಇಪಿಡಿಎಂ ರಬ್ಬರಿನದು. ಅದು ಆಲ್ಕೋಹಾಲಿಗೆ ಚೆನ್ನಾಗಿ ತಡೆಯುತ್ತದೆ. ರಿಂಗು ತೆಗೆಯಲು ಈಗ ಹಲ್ಲುಕಡ್ಡಿ ಇದೆ, ಮರದ್ದು.

ಮತ್ತೆ ಮೊದಲು ಪಾಲಿಯೆಸ್ಟರ್ ಹಾಳೆ. ಟ್ರ್ಯಾಪ್ ಖಾಲಿ. ಆಮೇಲೆ ಜುಲೈನ ಮೊದಲ ಹಾಳೆ, ಯಾವುದನ್ನು ಕೆಟ್ಟದ್ದು ಅಂತ ಪಕ್ಕಕ್ಕಿಟ್ಟಿದ್ದೆವೋ ಅದೇ. 1.1 ಗ್ರಾಂ, ಶೇ. 96. 24 ಗಂಟೆಯ ಹಾಳೆ: 0.62 ಗ್ರಾಂ, ಶೇ. 97. ಅಂದರೆ ಸೆಲೆಕ್ಟಿವಿಟಿ 216ರಿಂದ 290ಕ್ಕೆ ಏರಿತು, ಬರುವ ಪ್ರಮಾಣ ಮಾತ್ರ ಅರ್ಧದ ಹತ್ತಿರಕ್ಕೆ ಇಳಿಯಿತು. ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತದೆ, ಈ ಕೆಲಸದಲ್ಲಿ ಯಾವಾಗಲೂ ಹೀಗೇ. ನಾವು 12 ಗಂಟೆಯ ಹಾಳೆಯನ್ನೇ ಆರಿಸಿಕೊಂಡೆವು. 97ಕ್ಕಾಗಿ ಅರ್ಧ ವೇಗ ಬಿಟ್ಟುಕೊಡುವುದು ಆ ಘಟಕದವರಿಗೆ ಏನೂ ಉಪಯೋಗವಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆಗಸ್ಟ್‌ನಲ್ಲಿ ಅವರದೇ ಭಟ್ಟಿಯಿಂದ ಬಂದ ಅರ್ಧ ಲೀಟರ್ ಐಪಿಎ ಸೆಲ್ಲಿಗೆ ಹಾಕಿದೆವು. ನೀರು ಶೇ. 12.3. ದಿನಕ್ಕೆ ಎಂಟು ಗಂಟೆ, ಆರು ದಿನ. ಕೊನೆಯ ದಿನ ಕಾರ್ಲ್ ಫಿಶರ್ ಓದು ಶೇ. 9ರ ಸುಮಾರು. ಭಟ್ಟಿ ದಾಟಲಾರದ ಗೆರೆಯನ್ನು ಪೊರೆ ದಾಟಿತ್ತು. ವಿದ್ಯಾರ್ಥಿನಿ ಆ ಓದನ್ನು ಮೂರು ಸಲ ತೆಗೆದಳು, ಮೂರೂ ಸಲ ಅಷ್ಟೇ ಬಂತು.

ಘಟಕದ ಮಾಲೀಕರು ಬಂದು ನೋಡಿದರು. "ಒಂದ್ ಡ್ರಮ್ಮಿಗೆ ಎಷ್ಟ್ ದಿನಾ ಆಗ್ತದ್ರೀ?" ಅಂದರು. ಕೇಳಬೇಕಾದ ಪ್ರಶ್ನೆ ಅದೇ. 200 ಲೀಟರ್ ಡ್ರಮ್ಮಿನಲ್ಲಿ ಸುಮಾರು 165 ಕಿಲೋ ದ್ರವ, ಅದರಲ್ಲಿ 20 ಕಿಲೋ ನೀರು. ನಮ್ಮ ಅಂಗೈಯಗಲದ ಪೊರೆ ಗಂಟೆಗೆ ಕಾಲು ಗ್ರಾಂಗಿಂತ ಚೂರು ಜಾಸ್ತಿ ತೆಗೆಯುತ್ತದೆ. ವರ್ಷಗಟ್ಟಲೆ ಬೇಕು. ಒಂದು ಚದರ ಮೀಟರ್ ಪೊರೆ ಇದ್ದರೆ ಹತ್ತು ದಿನದ ಮೇಲೆ. ನೀರು ಕಮ್ಮಿಯಾದಂತೆ ವೇಗವೂ ಇಳಿಯುವುದರಿಂದ ಇನ್ನೂ ಎಷ್ಟೋ ಹೆಚ್ಚು. ಬಿಸಿ ಮಾಡಿದರೆ ವೇಗ ಏರುತ್ತದೆ, ಆದರೆ ನಿಜವಾದ ಅಡ್ಡಿ ದಪ್ಪ. ಕೈಗಾರಿಕೆಯ ಪೊರೆಗಳಲ್ಲಿ ಪಿವಿಎ ಪದರ ಕೆಲವೇ ಮೈಕ್ರಾನ್ ಇರುತ್ತದೆ. ಅದನ್ನು ಹೊತ್ತು ನಿಲ್ಲಲು ಅಡಿಯಲ್ಲಿ ರಂಧ್ರಗಳಿರುವ ಇನ್ನೊಂದು ಪಾಲಿಮರ್ ಹಾಳೆ ಇರುತ್ತದೆ. ನಮ್ಮದು 50 ಮೈಕ್ರಾನ್.

ಇದನ್ನೆಲ್ಲ ಅವರಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಅವರು ಇನ್ನೊಂದು ಲೀಟರ್ ಕ್ಯಾನ್ ಇಟ್ಟು ಹೋದರು. ಈಗ ನಾವು ಅಂಥದೇ ಒಂದು ಪಾಲಿಸಲ್ಫೋನ್ ಹಾಳೆಯ ಮೇಲೆ ಪಿವಿಎ ತೆಳುವಾಗಿ ಬಳಿಯುತ್ತಿದ್ದೇವೆ. ಮೊದಲ ಮೂರರಲ್ಲಿ ಸೂಜಿಮೊನೆ ತೂತು ಬಿದ್ದಿವೆ. ಮೂರಕ್ಕೂ ಸೋರಿಕೆಯ ಲೆಕ್ಕ ಬೇರೆ ಬೇರೆ ಬಂದಿದೆ, ಪಾಲಿಯೆಸ್ಟರ್ ಹಾಳೆ ಇಟ್ಟಾಗ ಟ್ರ್ಯಾಪ್ ಖಾಲಿ ಇದೆ. ಹಾಗಾಗಿ ಈ ಸಲ ನೋಡುತ್ತಿರುವುದು ಪೊರೆಯನ್ನೇ.